‘ನಾಟ್ ರೆಸ್ಪಾಂಡಿಂಗ್’: ಒಂದು ಸಂಕ್ರಾಂತಿ ಸಂಜೆ ಕಲಿಸಿದ ಪಾಠ



ಈ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ನಾನು ಕೈಯಾಡಿಸಿಬಿಟ್ಟಿದ್ದೆ. ನನ್ನ ಕೆಲಸ ಸರ್ವರ್‌ಗಳನ್ನು ನೋಡಿಕೊಳ್ಳುವುದು. ಕಥೆ, ಕವನ, ಪ್ರವಾಸ ಕಥನ, ಅಡುಗೆ ರೆಸಿಪಿ ಎಲ್ಲ ಬರುವ ನಮ್ಮ ಕೂಟದ ಪತ್ರಿಕೆಯಲ್ಲಿ ಸರ್ವರ್ ಪುರಾಣ ಯಾರಿಗೆ ಬೇಕು? ಆಗ ನನ್ನವಳೇ ಅಡುಗೆಮನೆಯಿಂದ ಹೇಳಿದಳು, “ಆ ಸಂಕ್ರಾಂತಿ ದಿನದ್ದು ಬರೀರಿ. ನಮ್ಮ ಕೂಟದ ಅರ್ಧ ಮನೆಗಳಲ್ಲಿ ಅದೇ ಕಥೆ ತಾನೇ?”

ನಿಜ. ನಮ್ಮಲ್ಲಿ ಅರ್ಧಕ್ಕರ್ಧ ಜನ ಐಟಿಯವರು. ಅವರಲ್ಲಿ ಅರ್ಧ ಜನ ತಿಂಗಳಿಗೊಂದು ವಾರವಾದರೂ ‘ಆನ್ ಕಾಲ್’ ಇರುವವರು. ಹಬ್ಬದೂಟಕ್ಕೆ ಎಲೆ ಹಾಕಿದಾಗಲೇ ಫೋನು ಕಿರ್ರ್ ಎನ್ನುವುದು, ಅವರು ಲ್ಯಾಪ್‌ಟಾಪ್ ಹಿಡಿದು ಕಾರಿನಲ್ಲಿ ಹೋಗಿ ಕೂರುವುದು, ಮನೆಯವರು ಮುಖ ಊದಿಸಿಕೊಳ್ಳುವುದು, ಇದೆಲ್ಲ ನಮಗೆ ಹೊಸದಲ್ಲ. ಹಾಗಾಗಿ ಈ ಲೇಖನ ಇಬ್ಬರಿಗೂ: ಆನ್ ಕಾಲ್ ಇರುವವರಿಗೆ ಒಂದಿಷ್ಟು ಉಪಯೋಗದ ಮಾತು, ಮನೆಯವರಿಗೆ ಆ ಮಧ್ಯರಾತ್ರಿಯ ಗಲಾಟೆ ಏನು ಎಂಬ ವಿವರಣೆ. ತಾಂತ್ರಿಕ ಭಾಗ ಬಂದಾಗ ಗಾಬರಿಯಾಗಬೇಡಿ. ನಮ್ಮ ಬೆಂಗಳೂರಿನ ವಠಾರ ಗೊತ್ತಿದ್ದರೆ ಸಾಕು, ಅರ್ಥವಾಗುತ್ತದೆ.

ಆ ಸಂಜೆ

ಅದು 2012ರ ಜನವರಿ. ಷಿಕಾಗೋ ಬಳಿಯ ನಮ್ಮ ಊರಿನ ಹೈಸ್ಕೂಲ್ ಆಡಿಟೋರಿಯಂನಲ್ಲಿ, ಒಂದು ಶನಿವಾರ, ಕೂಟದ ಸಂಕ್ರಾಂತಿ ಕಾರ್ಯಕ್ರಮ. ಹೊರಗೆ ಮೊಣಕಾಲುದ್ದ ಹಿಮ, ಒಳಗೆ ರೇಷ್ಮೆ ಸೀರೆಗಳ ಸರಬರ. ಆಗ ಏಳು ವರ್ಷದವಳಾಗಿದ್ದ ನನ್ನ ಮಗಳದ್ದು ಮೊದಲ ಸಲ ಒಬ್ಬಳೇ ಮಾಡುವ ನೃತ್ಯ. ಮೂರು ತಿಂಗಳಿಂದ ಮನೆಯ ಬೇಸ್‌ಮೆಂಟಿನಲ್ಲಿ ತಾಳ ಹಾಕಿ ಹಾಕಿ ಕಾರ್ಪೆಟ್ ಸವೆದಿತ್ತು. ಅವಳ ಸರದಿ ಏಳು ಗಂಟೆಗೆ.

6-40ಕ್ಕೆ ನನ್ನ ಫೋನಿಗೆ ಸಾಲು ಸಾಲಾಗಿ ಸಂದೇಶ ಬಂತು. “ಹೋಸ್ಟ್ ನಾಟ್ ರೆಸ್ಪಾಂಡಿಂಗ್.” ಒಂದಲ್ಲ, ಮೂರು ಹೋಸ್ಟ್. ಒಂದು ನಿಮಿಷದಲ್ಲಿ “ಕನೆಕ್ಟೆಡ್” ಎಂದು ಬಂತು. ಉಸಿರು ಬಿಡುವಷ್ಟರಲ್ಲಿ ಮತ್ತೆ “ನಾಟ್ ರೆಸ್ಪಾಂಡಿಂಗ್.” ಹೀಗೇ ಬಂದು ಹೋಗಿ, ಬಂದು ಹೋಗಿ.

ನಾನಾಗ ಕೆಲಸ ಮಾಡುತ್ತಿದ್ದ ಕಂಪನಿ ಅಂಗಡಿಗಳಿಗೆ ಸಾಮಾನು ಸರಬರಾಜು ಮಾಡುವಂಥದ್ದು. ಹೆಸರು ಬೇಡ. ಆ ಮೂರು ಹೋಸ್ಟ್‌ಗಳ ಮೇಲೆ ಆರ್ಡರ್ ಡೇಟಾಬೇಸ್, ಗೋದಾಮಿನ ವ್ಯವಸ್ಥೆ, ಬಿಲ್ಲಿಂಗ್ ಎಲ್ಲ ಇತ್ತು. ಮೂರೂ ಸತ್ತರೆ ಸೋಮವಾರ ನೂರಾರು ಲಾರಿ ನಿಲ್ಲುತ್ತವೆ. ಎದೆ ಧಸಕ್ಕೆಂದಿತು. ಕೋಟು ಎತ್ತಿಕೊಂಡೆ. ಪರದೆಯ ಪಕ್ಕದಿಂದ ಮಗಳು ನೋಡುತ್ತಿದ್ದಳು. “ಈಗ ಬಂದೆ ಪುಟ್ಟಾ” ಎಂದು ಕೈ ಮಾಡಿ ಹೊರಟೆ. ಬಂದದ್ದು ಬೆಳಗಿನ ಜಾವ ಮೂರಕ್ಕೆ.

ಮೊದಲು ವಠಾರದ ಕಥೆ

ಈಗ ಮನೆಯವರಿಗಾಗಿ ಸ್ವಲ್ಪ ವಿವರಣೆ. ತಿಳಿದವರು ಈ ಭಾಗ ಹಾರಿಸಬಹುದು.

ಹಿಂದೆ ಒಂದೊಂದು ಕೆಲಸಕ್ಕೆ ಒಂದೊಂದು ಸರ್ವರ್ ಕೊಳ್ಳುತ್ತಿದ್ದರು. ಅದರಲ್ಲಿ ಬಹುಪಾಲು ಶಕ್ತಿ ಸುಮ್ಮನೆ ಬಿದ್ದಿರುತ್ತಿತ್ತು. ದೊಡ್ಡ ಬಂಗಲೆಯಲ್ಲಿ ಒಬ್ಬರೇ ಇದ್ದ ಹಾಗೆ. ವರ್ಚುವಲೈಸೇಷನ್ ಎಂದರೆ ಆ ಬಂಗಲೆಯನ್ನು ವಠಾರ ಮಾಡುವುದು. ಕಟ್ಟಡ ಒಂದೇ, ಒಳಗೆ ಇಪ್ಪತ್ತು ಸಂಸಾರ. ಪ್ರತಿಯೊಂದು ಸಂಸಾರಕ್ಕೂ ತನ್ನದೇ ಬಾಗಿಲು, ತನ್ನದೇ ಒಲೆ. ಕಟ್ಟಡಕ್ಕೆ ‘ಹೋಸ್ಟ್’ ಎನ್ನುತ್ತಾರೆ, ಒಳಗಿನ ಸಂಸಾರಕ್ಕೆ ‘ವರ್ಚುವಲ್ ಮಷೀನ್’ ಅಥವಾ ‘ವಿಎಂ’ ಎನ್ನುತ್ತಾರೆ.

ಇದು ಹೊಸ ವಿದ್ಯೆಯೇನಲ್ಲ. ಐಬಿಎಂನವರು ದೊಡ್ಡ ಮೇನ್‌ಫ್ರೇಮ್‌ಗಳಲ್ಲಿ 1960ರ ದಶಕದಲ್ಲೇ ಇದನ್ನು ಮಾಡಿದ್ದರು, 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಮಾರುಕಟ್ಟೆಗೂ ತಂದರು. ಸಾಮಾನ್ಯ ಸರ್ವರ್‌ಗಳಿಗೆ ಇದನ್ನು ತಂದು ಜನಪ್ರಿಯಗೊಳಿಸಿದ್ದು 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ವಿಎಂವೇರ್. ಅವರ ಇಎಸ್‌ಎಕ್ಸ್ ಸರ್ವರ್ ಬಂದದ್ದು 2001ರಲ್ಲಿ. ಹತ್ತಾರು ವಠಾರಗಳನ್ನು ಒಂದೇ ಕಡೆ ಕುಳಿತು ನೋಡಿಕೊಳ್ಳುವ ವರ್ಚುವಲ್ ಸೆಂಟರ್, ಅಂದರೆ ಮುಂದೆ ವಿಸೆಂಟರ್ ಎಂದು ಹೆಸರಾದದ್ದು, ಬಂದದ್ದು 2003ರಲ್ಲಿ.

ವಿಸೆಂಟರ್ ಎಂದರೆ ವಠಾರದ ಯಜಮಾನ. ಆದರೆ ಯಜಮಾನರು ವಠಾರದಲ್ಲಿ ಇರುವುದಿಲ್ಲ, ಬೇರೆ ಬಡಾವಣೆಯಲ್ಲಿರುತ್ತಾರೆ. ಪ್ರತಿ ವಠಾರದಲ್ಲೂ ಅವರ ಪರವಾಗಿ ಇಬ್ಬರು ಆಳುಗಳು. ಒಬ್ಬ ‘ಹೋಸ್ಟ್‌ಡಿ’. ಇವನು ವಠಾರದ ಒಳಗಿನ ಉಸ್ತುವಾರಿ. ಯಾವ ಮನೆಗೆ ನೀರು ಬಿಡಬೇಕು, ಯಾವ ಮನೆ ಖಾಲಿ, ಎಲ್ಲ ಇವನಿಗೆ ಗೊತ್ತು. ಇನ್ನೊಬ್ಬ ‘ವಿಪಿಎಕ್ಸ್‌ಎ’. ಇವನು ಯಜಮಾನರಿಂದ ಸುದ್ದಿ ತಂದು ಹೋಸ್ಟ್‌ಡಿಗೆ ಹೇಳುವವನು, ಅಲ್ಲಿನ ಸುದ್ದಿ ಯಜಮಾನರಿಗೆ ಮುಟ್ಟಿಸುವವನು.

ಇಲ್ಲಿ ನೆನಪಿಡಬೇಕಾದ ಮಾತು ಒಂದೇ. ಯಜಮಾನರ ಮನೆಯ ಫೋನು ಕೆಟ್ಟರೆ ವಠಾರದ ಒಲೆಗಳು ಆರುವುದಿಲ್ಲ.

ಮಿಸ್ಡ್ ಕಾಲ್ ಲೆಕ್ಕ

ವಠಾರ ಚೆನ್ನಾಗಿದೆ ಎಂದು ಯಜಮಾನರಿಗೆ ಗೊತ್ತಾಗುವುದು ಹೇಗೆ? ಅದಕ್ಕೊಂದು ಏರ್ಪಾಡಿದೆ. ಪ್ರತಿ ಹೋಸ್ಟ್ 10 ಸೆಕೆಂಡಿಗೊಮ್ಮೆ ವಿಸೆಂಟರಿಗೆ ಒಂದು ಪುಟ್ಟ ಸಂಕೇತ ಕಳಿಸುತ್ತದೆ. ಇದಕ್ಕೆ ‘ಹಾರ್ಟ್‌ಬೀಟ್’ ಎನ್ನುತ್ತಾರೆ. ಇದು ಹೋಗುವುದು ಯುಡಿಪಿ ಎಂಬ ಪದ್ಧತಿಯಲ್ಲಿ, 902ನೇ ಪೋರ್ಟಿಗೆ.

ಊರಲ್ಲಿ ಅಮ್ಮ ಮಿಸ್ಡ್ ಕಾಲ್ ಕೊಡುತ್ತಿದ್ದರಲ್ಲ, ಥೇಟ್ ಹಾಗೆ. ಯಾರೂ ಎತ್ತುವುದಿಲ್ಲ, ಮಾತಿಲ್ಲ, ಖರ್ಚಿಲ್ಲ. ‘ನಾನು ಚೆನ್ನಾಗಿದ್ದೀನಿ’ ಅಷ್ಟೇ ಅದರ ಅರ್ಥ. ಕಾಲ್ ಮುಟ್ಟಿತೋ ಇಲ್ಲವೋ ಅಮ್ಮನಿಗೆ ಗೊತ್ತಾಗುವುದಿಲ್ಲ. ಯುಡಿಪಿಯ ಗುಣವೂ ಅದೇ. ಕಳಿಸಿದವನಿಗೆ ಅದು ತಲುಪಿತೇ ಎಂಬ ಸುದ್ದಿ ಬರುವುದಿಲ್ಲ. ಟಿಸಿಪಿ ಎಂಬ ಇನ್ನೊಂದು ಪದ್ಧತಿ ಇದೆ. ಅದು ನಿಜವಾದ ಫೋನ್ ಮಾತುಕತೆ. “ಹಲೋ, ಕೇಳಿಸ್ತಾ ಇದೆಯಾ?” “ಹ್ಞಾಂ, ಕೇಳಿಸ್ತಾ ಇದೆ, ಹೇಳು” ಎಂದು ಎರಡೂ ಕಡೆ ಖಾತ್ರಿಯಾದ ಮೇಲೇ ಮಾತು ಶುರು. ವಿಸೆಂಟರ್ ಹೋಸ್ಟಿಗೆ ಆಜ್ಞೆ ಕೊಡುವುದು ಟಿಸಿಪಿಯಲ್ಲಿ, 443 ಮತ್ತು 902ನೇ ಪೋರ್ಟಿನ ಮೂಲಕ. ಹೋಸ್ಟ್ ತಾನು ಬದುಕಿದ್ದೇನೆ ಎನ್ನುವುದು ಯುಡಿಪಿಯಲ್ಲಿ. ಎರಡರ ಸಂಖ್ಯೆಯೂ 902 ಆದರೂ ದಾರಿ ಬೇರೆ ಬೇರೆ. ನನ್ನ ಆ ರಾತ್ರಿಯ ಗೋಳೆಲ್ಲ ಅಡಗಿದ್ದದ್ದು ಈ ಒಂದು ವಾಕ್ಯದಲ್ಲಿ.

ಒಂದು ಹಾರ್ಟ್‌ಬೀಟ್ ತಪ್ಪಿದರೆ ವಿಸೆಂಟರ್ ಗಾಬರಿಯಾಗುವುದಿಲ್ಲ. 60 ಸೆಕೆಂಡ್ ಕಾಯುತ್ತದೆ. ಅಷ್ಟು ಹೊತ್ತಿನಲ್ಲಿ ಒಂದೂ ಬಾರದಿದ್ದರೆ ‘ನಾಟ್ ರೆಸ್ಪಾಂಡಿಂಗ್’ ಎಂದು ಗುರುತು ಹಾಕುತ್ತದೆ.

ನಾನು ಮಾಡಿದ ತಪ್ಪು

ಹಿಮದಲ್ಲಿ ತೆವಳಿಕೊಂಡು ಆಫೀಸು ಮುಟ್ಟಿದಾಗ ಏಳೂವರೆ. ವಿಸೆಂಟರಿನ ಪರದೆಯ ಮೇಲೆ ಮೂರೂ ಹೋಸ್ಟ್‌ಗಳ ಹೆಸರು ಮಂಕಾಗಿತ್ತು. ಬಲಗುಂಡಿ ಒತ್ತಿ ‘ಕನೆಕ್ಟ್’ ಎಂದೆ. ಬಂತು. ಒಂದು ನಿಮಿಷಕ್ಕೆ ಹೋಯಿತು. ಮತ್ತೆ ಒತ್ತಿದೆ. ಮತ್ತೆ ಬಂತು, ಮತ್ತೆ ಹೋಯಿತು. ಒಂದೂವರೆ ಗಂಟೆ ಇದೇ ಆಟ. ನೆಟ್‌ವರ್ಕ್ ತಂಡದವನಿಗೆ ಫೋನ್ ಮಾಡಿದೆ. ಅವನು ಜಗತ್ತಿನ ಎಲ್ಲ ನೆಟ್‌ವರ್ಕ್ ತಂಡದವರೂ ಹೇಳುವ ಮಾತನ್ನೇ ಹೇಳಿದ: “ನಾವೇನೂ ಬದಲಾಯಿಸಿಲ್ಲ.”

ಒಂಬತ್ತು ಗಂಟೆ ಹೊತ್ತಿಗೆ ತಾಳ್ಮೆ ಕಳೆದುಕೊಂಡೆ. ಸರ್ವರಿನ ರಿಮೋಟ್ ಕನ್ಸೋಲಿಗೆ ಹೋಗಿ, ಮೂರರಲ್ಲಿ ಒಂದು ಹೋಸ್ಟನ್ನು ರೀಸೆಟ್ ಮಾಡಿಬಿಟ್ಟೆ.

ಅದರ ಮೇಲಿದ್ದ ಇಪ್ಪತ್ತೆರಡು ವಿಎಂಗಳು ಆಗ ಆರಾಮವಾಗಿ ಕೆಲಸ ಮಾಡುತ್ತಿದ್ದವು. ನಾನು ನೋಡಿರಲಿಲ್ಲ, ಅಷ್ಟೇ. ಇಪ್ಪತ್ತೆರಡು ಸಂಸಾರದ ಒಲೆಗೆ ನಾನೇ ನೀರು ಹೊಯ್ದಿದ್ದೆ. ‘ಹೈ ಅವೈಲಬಿಲಿಟಿ’ ವ್ಯವಸ್ಥೆ ಇದ್ದುದರಿಂದ ಕೆಲವೇ ನಿಮಿಷಗಳಲ್ಲಿ ಅವು ಉಳಿದ ಎರಡು ಹೋಸ್ಟ್‌ಗಳ ಮೇಲೆ ತಾವಾಗಿ ಎದ್ದವು. ಈ ವ್ಯವಸ್ಥೆಯನ್ನು ಹೂಡುವಾಗ ವಿಸೆಂಟರ್ ಬೇಕು, ಆದರೆ ಆಪತ್ತಿನ ಹೊತ್ತಿನಲ್ಲಿ ಹೋಸ್ಟ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಕೆಲಸ ಮುಗಿಸುತ್ತವೆ. ಪುಣ್ಯ. ಆದರೆ ಅರ್ಧಕ್ಕೆ ನಿಂತ ಕೆಲಸಗಳು ಹೋದವು. ಆರ್ಡರ್ ಡೇಟಾಬೇಸನ್ನು ಪರೀಕ್ಷೆ ಮಾಡಲು ಇನ್ನೊಬ್ಬರನ್ನು ಊಟದಿಂದ ಎಬ್ಬಿಸಬೇಕಾಯಿತು. ಅದೆಲ್ಲ ಮುಗಿದಾಗ ಹನ್ನೊಂದೂವರೆ.

ಇಷ್ಟಾಗಿ ರೀಸೆಟ್ ಮಾಡಿದ ಹೋಸ್ಟ್ ಮೇಲೆದ್ದಿತು, ವಿಸೆಂಟರಿಗೆ ಸೇರಿತು, ಒಂದು ನಿಮಿಷಕ್ಕೆ ಮತ್ತೆ ಹೋಯಿತು! ಅಂದರೆ ಕಾಯಿಲೆ ಅಲ್ಲಿರಲೇ ಇಲ್ಲ.

“ಗಡಿಯಾರ ನೋಡ್ಕೊಂಡು ಎಣಿಸಿ ಸಾರ್”

ರಾತ್ರಿ ಒಂದು ಗಂಟೆಗೆ ವಿಎಂವೇರ್ ಸಪೋರ್ಟಿಗೆ ಫೋನ್ ಹೋಯಿತು. ಎತ್ತಿದವರು ಬೆಂಗಳೂರಿನಲ್ಲಿದ್ದರು. ಅಲ್ಲಿ ಭಾನುವಾರ ಮಧ್ಯಾಹ್ನ ಹನ್ನೆರಡೂವರೆ. ಇಂಗ್ಲಿಷಿನಲ್ಲೇ ಮಾತು. ನಡುವೆ ಅವರು ಪಕ್ಕದವರಿಗೆ “ಒಂದ್ನಿಮಿಷ ಇರ್ರೀ” ಎಂದದ್ದು ಕಿವಿಗೆ ಬಿತ್ತು ನೋಡಿ, ಕೂತಿದ್ದ ಕುರ್ಚಿಯಲ್ಲಿ ನೆಟ್ಟಗಾದೆ. “ಕನ್ನಡದವರಾ?” ಎಂದೆ. ಆ ಕಡೆಯಿಂದ ನಗು. ಅಲ್ಲಿಂದ ಮುಂದೆ ಕನ್ನಡ.

ಅವರು ಕೇಳಿದ್ದು ಮೂರೇ ಪ್ರಶ್ನೆ. ವಿಎಂಗಳು ನಡೆಯುತ್ತಿವೆಯೇ? ಎಲ್ಲ ಹೋಸ್ಟ್‌ಗಳೂ ಹೀಗಾ, ಕೆಲವು ಮಾತ್ರವಾ? ಕನೆಕ್ಟ್ ಒತ್ತಿದ ಮೇಲೆ ಎಷ್ಟು ಹೊತ್ತಿಗೆ ಹೋಗುತ್ತದೆ? ಕೊನೆಯದಕ್ಕೆ ನಾನು “ಸುಮಾರು ಒಂದು ನಿಮಿಷ” ಎಂದೆ. “ಸುಮಾರು ಬೇಡ ಸಾರ್, ಗಡಿಯಾರ ನೋಡ್ಕೊಂಡು ಎಣಿಸಿ” ಎಂದರು. ಎಣಿಸಿದೆ. ಒಂದು ಸಲ 60, ಇನ್ನೊಂದು ಸಲವೂ 60. “ಹಾಗಾದ್ರೆ ಮಿಸ್ಡ್ ಕಾಲ್ ಬರ್ತಾ ಇಲ್ಲ ಅಷ್ಟೇ. ಯುಡಿಪಿ 902 ನೋಡೋಣ.”

ನೆಟ್‌ವರ್ಕಿನಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು ಕದ್ದು ಕೇಳುವ ಸಾಧನ ಹೋಸ್ಟಿನಲ್ಲೇ ಇದೆ. ಹಾಕಿ ನೋಡಿದೆವು. ಹತ್ತು ಸೆಕೆಂಡಿಗೊಮ್ಮೆ ಹಾರ್ಟ್‌ಬೀಟ್ ಹೊರಗೆ ಹೋಗುತ್ತಿತ್ತು. ಅಮ್ಮ ನಿಷ್ಠೆಯಿಂದ ಮಿಸ್ಡ್ ಕಾಲ್ ಕೊಡುತ್ತಲೇ ಇದ್ದರು. ವಿಸೆಂಟರ್ ಕಡೆ ಅದೇ ರೀತಿ ನೋಡಿದೆವು. ಒಂದೂ ಬಂದಿರಲಿಲ್ಲ. ಹೊರಟದ್ದು ಹೌದು, ತಲುಪಿದ್ದು ಇಲ್ಲ. ಹಾಗಾದರೆ ನಡುವೆ ಯಾರೋ ತಿಂದಿದ್ದಾರೆ. ಆ ಮೂರು ಹೋಸ್ಟ್‌ಗಳು ಹೊಸ ರ‍್ಯಾಕಿನಲ್ಲಿದ್ದವು. ಅವಕ್ಕೂ ವಿಸೆಂಟರಿಗೂ ನಡುವೆ ಇದ್ದದ್ದು ಒಂದು ಫೈರ್‌ವಾಲ್.

ನೆಟ್‌ವರ್ಕ್ ತಂಡದವನಿಗೆ ಮತ್ತೆ ಫೋನ್. ಈ ಸಲ “ಏನಾದರೂ ಬದಲಾಯಿಸಿದ್ರಾ?” ಎಂದು ಕೇಳಲಿಲ್ಲ. “ಯುಡಿಪಿ 902ಕ್ಕೆ ಫೈರ್‌ವಾಲಿನ ಡ್ರಾಪ್ ಲಾಗ್ ತೆಗೆದು ನೋಡು” ಎಂದೆ. ಎರಡು ನಿಮಿಷ ಮೌನ. ಸಾವಿರಾರು ಸಾಲು. ಸಂಜೆ ಆರೂವರೆಗೆ ಅವರು ಹಳೆಯ ನಿಯಮಗಳನ್ನು ‘ಸ್ವಲ್ಪ ಕ್ಲೀನ್’ ಮಾಡಿದ್ದರು. ಟಿಸಿಪಿ 443, ಟಿಸಿಪಿ 902 ಎರಡನ್ನೂ ಜೋಪಾನವಾಗಿ ಉಳಿಸಿ, ಯುಡಿಪಿ 902ನ್ನು ‘ಇದು ಡೂಪ್ಲಿಕೇಟ್’ ಎಂದು ಅಳಿಸಿದ್ದರು. ಒಂದು ಸಾಲು ವಾಪಸ್ ಸೇರಿಸಿದ. ಮೂರೂ ಹೋಸ್ಟ್‌ಗಳು ಬಂದವು, ನಿಂತವು.

ಹುಡುಕಲು ಏಳು ಗಂಟೆ, ಸರಿಪಡಿಸಲು ಐದು ನಿಮಿಷ.

ಮನೆಗೆ ಬಂದಾಗ ಮೂರು. ಮಗಳು ಜಡೆಯ ಕುಚ್ಚು ಕೂಡ ಬಿಚ್ಚದೆ ಮಲಗಿದ್ದಳು. ಡೈನಿಂಗ್ ಟೇಬಲ್ ಮೇಲೆ ಒಂದು ಪೇಪರ್ ಪ್ಲೇಟು, ಎಳ್ಳುಬೆಲ್ಲ, ಒಂದು ಸಕ್ಕರೆ ಅಚ್ಚು, ಮೇಲೆ ‘ಅಪ್ಪನಿಗೆ’ ಎಂದು ಅವಳು ಕನ್ನಡ ಕಲಿ ತರಗತಿಯಲ್ಲಿ ಕಲಿತ ಅಕ್ಷರದಲ್ಲಿ ಬರೆದ ಚೀಟಿ. ಗೆಳೆಯರೊಬ್ಬರು ನೃತ್ಯದ ವಿಡಿಯೋ ಮಾಡಿಟ್ಟಿದ್ದರು. ಎಷ್ಟೋ ಸಲ ನೋಡಿದ್ದೇನೆ. ಆದರೆ ವಿಡಿಯೋದಲ್ಲಿ ಒಂದು ಕಡೆ ಅವಳು ನಾನು ಕೂತಿದ್ದ ಕುರ್ಚಿಯ ಕಡೆ ನೋಡುತ್ತಾಳೆ. ಅಲ್ಲಿ ನಾನು ಪ್ರತಿ ಸಲವೂ ಕಣ್ಣು ಬೇರೆ ಕಡೆ ತಿರುಗಿಸುತ್ತೇನೆ.

ಆ ಸಂಜೆ ಹೊತ್ತಿ ಉರಿಯುತ್ತಿದ್ದದ್ದು ಏನೂ ಇರಲಿಲ್ಲ. ಹಾಲಿನ ಹೊರಗಿನ ಕಾರಿಡಾರಿನಲ್ಲಿ ನಿಂತು ಐದು ನಿಮಿಷದಲ್ಲಿ ಅದನ್ನು ತಿಳಿದುಕೊಳ್ಳಬಹುದಿತ್ತು. ನೃತ್ಯ ನೋಡಿ, ಬಿಸಿಬೇಳೆಬಾತ್ ಉಂಡು, ಆಮೇಲೆ ಹೋಗಿದ್ದರೂ ಏನೂ ಮುಳುಗುತ್ತಿರಲಿಲ್ಲ. ಆ ಐದು ನಿಮಿಷದ ವಿದ್ಯೆಯನ್ನೇ ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ಆನ್ ಕಾಲ್ ಇರುವವರಿಗೆ: ನಾನೀಗ ಅನುಸರಿಸುವ ಕ್ರಮ

ಒಂದು. ಮೊದಲು ಸಂಸಾರಗಳನ್ನು ನೋಡಿ. ಆ ಹೋಸ್ಟಿನ ಮೇಲಿರುವ ಎರಡು ಮೂರು ವಿಎಂಗಳನ್ನು ಪಿಂಗ್ ಮಾಡಿ. ಬಳಕೆದಾರರಲ್ಲಿ ಒಬ್ಬರನ್ನು ಕೇಳಿ. ಅವು ನಡೆಯುತ್ತಿದ್ದರೆ ಇದು ಅವಸರದ ಕೆಲಸ, ಆದರೆ ಪ್ರಾಣಾಪಾಯವಲ್ಲ. ಹಾಗೆಂದು ನಾಳೆಗೆ ಬಿಡುವಂಥದ್ದೂ ಅಲ್ಲ. ವಿಸೆಂಟರ್ ಕೈ ತಪ್ಪಿದ ಹೋಸ್ಟಿನ ವಿಎಂಗಳನ್ನು ಬೇರೆಡೆಗೆ ಸಾಗಿಸಲಾಗುವುದಿಲ್ಲ, ವಿಸೆಂಟರ್ ಮೂಲಕ ನಡೆಯುವ ಬ್ಯಾಕಪ್ ನಿಲ್ಲುತ್ತದೆ, ಅಲ್ಲಿ ಇನ್ನೇನಾದರೂ ಕೆಟ್ಟರೂ ಸುದ್ದಿ ಬರುವುದಿಲ್ಲ.

ಎರಡು. ಪದ ಸರಿಯಾಗಿ ಓದಿ. ‘ಡಿಸ್ಕನೆಕ್ಟೆಡ್’ ಬೇರೆ, ‘ನಾಟ್ ರೆಸ್ಪಾಂಡಿಂಗ್’ ಬೇರೆ. ಮೊದಲನೆಯದು ಸಾಮಾನ್ಯವಾಗಿ ಯಾರೋ ಬೇಕೆಂದೇ ಸಂಪರ್ಕ ಕಡಿದದ್ದು, ಇಲ್ಲವೇ ಲೈಸೆನ್ಸ್ ಮುಗಿದದ್ದು. ಪರೀಕ್ಷೆಗೆಂದು ಕೊಡುವ ಲೈಸೆನ್ಸ್ ನಿಗದಿತ ದಿನಗಳಿಗೆ ಮುಗಿಯುತ್ತದೆ, ಎಷ್ಟೋ ಜನ ಮರೆತಿರುತ್ತಾರೆ. ಎರಡನೆಯದು ಹಾರ್ಟ್‌ಬೀಟ್ ನಿಂತದ್ದು.

ಮೂರು. ಎಷ್ಟು ಹೋಸ್ಟ್ ಎಂದು ಎಣಿಸಿ. ಒಂದೇ ಆದರೆ ದೋಷ ಆ ಹೋಸ್ಟಿನಲ್ಲಿ ಹುಡುಕಿ. ಎಲ್ಲವೂ ಆದರೆ ವಿಸೆಂಟರಿನಲ್ಲಿ ಹುಡುಕಿ. ಕೆಲವು ಮಾತ್ರ ಆದರೆ ಆ ಕೆಲವಕ್ಕೆ ಸಮಾನವಾದದ್ದು ಏನು ಎಂದು ನೋಡಿ: ಒಂದೇ ರ‍್ಯಾಕ್, ಒಂದೇ ಸ್ವಿಚ್, ಒಂದೇ ಫೈರ್‌ವಾಲ್, ಒಂದೇ ಸ್ಟೋರೇಜ್.

ನಾಲ್ಕು. ಗಡಿಯಾರ ಹಿಡಿಯಿರಿ. ಕನೆಕ್ಟ್ ಆಗಿ ಕರಾರುವಾಕ್ಕಾಗಿ 60 ಸೆಕೆಂಡಿಗೆ ಹೋದರೆ ಯುಡಿಪಿ 902ರ ದಾರಿ ನೋಡಿ. ಅದೇ ವಿಸೆಂಟರಿನ ಐಪಿ ವಿಳಾಸ ಇತ್ತೀಚೆಗೆ ಬದಲಾಗಿದ್ದರೂ ಇದೇ ಲಕ್ಷಣ ಕಾಣುತ್ತದೆ. ಹೋಸ್ಟ್ ಹಳೆಯ ವಿಳಾಸವನ್ನೇ ನೆನಪಿಟ್ಟುಕೊಂಡು ಅಲ್ಲಿಗೇ ಮಿಸ್ಡ್ ಕಾಲ್ ಕೊಡುತ್ತಿರುತ್ತದೆ. ನಡುವೆ ನ್ಯಾಟ್ ಇದ್ದರೂ ಹೀಗಾಗಬಹುದು. ಪ್ರತಿ ರಾತ್ರಿ ಒಂದೇ ಹೊತ್ತಿಗೆ ಹೋಗಿ ಬಂದರೆ ಆ ಹೊತ್ತಿಗೆ ನಡೆಯುವ ಬ್ಯಾಕಪ್ ನೋಡಿ, ದಾರಿ ತುಂಬಿ ಹಾರ್ಟ್‌ಬೀಟ್ ನುಗ್ಗಲಾಗದೆ ಇರಬಹುದು. ಹೊತ್ತುಗೊತ್ತಿಲ್ಲದೆ ಹೋಗುತ್ತಿದ್ದರೆ ಕೇಬಲ್, ಸ್ವಿಚ್ ಪೋರ್ಟ್, ಒಂದೇ ಐಪಿ ವಿಳಾಸ ಎರಡು ಕಡೆ ಇರುವುದು, ಇವನ್ನು ಅನುಮಾನಿಸಿ.

ಐದು. ಯಜಮಾನರನ್ನು ಬಿಟ್ಟು ನೇರವಾಗಿ ವಠಾರದ ಬಾಗಿಲು ತಟ್ಟಿ. ಬ್ರೌಸರಿನಲ್ಲಿ ಹೋಸ್ಟಿನ ವಿಳಾಸ ಕೊಟ್ಟು ಅದಕ್ಕೇ ಲಾಗಿನ್ ಆಗಿ. ಅದು ತೆರೆದರೆ ಹೋಸ್ಟ್‌ಡಿ ಚೆನ್ನಾಗಿದ್ದಾನೆ, ತೊಂದರೆ ವಿಪಿಎಕ್ಸ್‌ಎಯಲ್ಲಿ ಅಥವಾ ದಾರಿಯಲ್ಲಿ. ತೆರೆಯದಿದ್ದರೆ ಹೋಸ್ಟ್‌ಡಿಯೇ ಸಿಕ್ಕಿಹಾಕಿಕೊಂಡಿದ್ದಾನೆ.

ಆರು. ಹೋಸ್ಟ್‌ಡಿ ಸಿಕ್ಕಿಹಾಕಿಕೊಂಡಿದ್ದರೆ ಮೊದಲು ಸ್ಟೋರೇಜ್ ನೋಡಿ. ಡಿಸ್ಕಿನ ಎಲ್ಲ ದಾರಿಗಳೂ ಒಮ್ಮೆಲೇ ಮುಚ್ಚಿದಾಗ ಹೋಸ್ಟ್‌ಡಿ ಆ ಡಿಸ್ಕಿನ ಉತ್ತರಕ್ಕಾಗಿ ಕಾದು ಕೂತಿರುತ್ತಾನೆ. ಈಚಿನ ಆವೃತ್ತಿಗಳಲ್ಲಿ ಈ ಕಾಯುವಿಕೆಗೆ 140 ಸೆಕೆಂಡಿನ ಮಿತಿ ಇದೆ. ಸ್ಟೋರೇಜ್ ಸರಿಹೋಗದೆ ಹೋಸ್ಟನ್ನು ಎಷ್ಟು ತಟ್ಟಿದರೂ ಪ್ರಯೋಜನವಿಲ್ಲ. ಆಮೇಲೆ ಹೋಸ್ಟಿನ ಒಳಗಿನ ಪುಟ್ಟ ರ‍್ಯಾಮ್‌ಡಿಸ್ಕ್ ತುಂಬಿದೆಯೇ ನೋಡಿ. ವಿಸೆಂಟರ್ ಕಡೆಯೂ ಅಷ್ಟೇ, ಲಾಗ್ ಮತ್ತು ಡೇಟಾಬೇಸ್ ಇರುವ ಡಿಸ್ಕ್ ತುಂಬಿದರೆ ಯಜಮಾನರೇ ಮಲಗಿಬಿಡುತ್ತಾರೆ.

ಏಳು. ಹೆಸರು, ಗಂಟೆ, ಪ್ರಮಾಣಪತ್ರ. ಡಿಎನ್‌ಎಸ್‌ನಲ್ಲಿ ಹೋಸ್ಟಿನ ಹೆಸರು ವಿಸೆಂಟರಿಗೂ, ವಿಸೆಂಟರಿನ ಹೆಸರು ಹೋಸ್ಟಿಗೂ ಸರಿಯಾಗಿ ಸಿಗಬೇಕು. ಎರಡರ ಗಡಿಯಾರವೂ ಒಂದೇ ಇರಬೇಕು, ಇಲ್ಲದಿದ್ದರೆ ಒಬ್ಬರ ಪ್ರಮಾಣಪತ್ರವನ್ನು ಇನ್ನೊಬ್ಬರು ನಂಬುವುದಿಲ್ಲ. 6.0 ಆವೃತ್ತಿಯಿಂದ ವಿಸೆಂಟರ್ ತಾನೇ ಹೋಸ್ಟ್‌ಗಳಿಗೆ ಪ್ರಮಾಣಪತ್ರ ಕೊಡುತ್ತದೆ, ಸಾಮಾನ್ಯವಾಗಿ 5 ವರ್ಷದ ಅವಧಿಗೆ. ಐದು ವರ್ಷದ ಹಿಂದೆ ಹಾಕಿಟ್ಟು ಮರೆತವರು ಇದೊಂದನ್ನು ಇವತ್ತೇ ನೋಡಿಕೊಳ್ಳಿ. ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಪಾಸ್‌ಪೋರ್ಟ್ ರಿನ್ಯೂವಲ್ ಬರೆಯುವ ಹಾಗೆ ಬರೆದಿಡಿ.

ಎಂಟು. ಇಷ್ಟಾದ ಮೇಲೆ ಬೇಕಿದ್ದರೆ ಹೋಸ್ಟ್‌ಡಿ, ವಿಪಿಎಕ್ಸ್‌ಎ ಇಬ್ಬರನ್ನೂ ರೀಸ್ಟಾರ್ಟ್ ಮಾಡಿ. ಇದರಿಂದ ನಡೆಯುತ್ತಿರುವ ವಿಎಂಗಳು ನಿಲ್ಲುವುದಿಲ್ಲ. ಆದರೆ ಆಗ ನಡೆಯುತ್ತಿರುವ ಬ್ಯಾಕಪ್, ಸ್ನ್ಯಾಪ್‌ಶಾಟ್‌ನಂಥ ಕೆಲಸ ಅರ್ಧಕ್ಕೆ ನಿಲ್ಲಬಹುದು, ನೋಡಿಕೊಂಡು ಮಾಡಿ. ವಿಸ್ಯಾನ್, ಎನ್‌ಎಸ್‌ಎಕ್ಸ್ ಇದ್ದ ಕಡೆ ಎಲ್ಲ ಸೇವೆಗಳನ್ನೂ ಒಟ್ಟಿಗೆ ಎಬ್ಬಿಸುವ ಆಜ್ಞೆ ಬೇಡ, ಈ ಇಬ್ಬರನ್ನು ಮಾತ್ರ ಎಬ್ಬಿಸಿ.

ಇನ್ನು ಮಾಡಬಾರದ್ದು ಮೂರು. ವಿಎಂಗಳು ನಡೆಯುತ್ತಿರುವ ಹೋಸ್ಟನ್ನು ರೀಸೆಟ್ ಮಾಡಬೇಡಿ, ಅದು ಕಟ್ಟಕಡೆಯ ದಾರಿ. ಹೋಸ್ಟನ್ನು ವಿಸೆಂಟರಿನಿಂದ ತೆಗೆದು ಮತ್ತೆ ಸೇರಿಸಲು ಅವಸರ ಪಡಬೇಡಿ, ಅದರ ಹಳೆಯ ದಾಖಲೆ, ಅನುಮತಿಗಳು ಹೋಗುತ್ತವೆ. 60 ಸೆಕೆಂಡಿನ ಮಿತಿಯನ್ನು 120ಕ್ಕೆ ಏರಿಸುವ ಒಂದು ಸೆಟ್ಟಿಂಗ್ ಇದೆ. ದಾರಿ ರಿಪೇರಿಯಾಗುವವರೆಗೆ ತಾತ್ಕಾಲಿಕವಾಗಿ ಸರಿ, ಆದರೆ ಅದನ್ನೇ ಮದ್ದು ಎಂದುಕೊಳ್ಳಬೇಡಿ. ಜ್ವರ ಬಂದರೆ ಥರ್ಮಾಮೀಟರಿನ ಗೆರೆ ಅಳಿಸಿದ ಹಾಗಾಗುತ್ತದೆ.

ಕಾಲ ಬದಲಾಗಿದೆ, ಲಕ್ಷಣ ಬದಲಾಗಿಲ್ಲ

ಆಗ ನಮ್ಮ ವಿಸೆಂಟರ್ ವಿಂಡೋಸ್ ಮೇಲೆ ಇತ್ತು. ವಿಂಡೋಸಿನ ಸ್ವಂತ ಫೈರ್‌ವಾಲ್ ಕೂಡ ಇದೇ 902ನ್ನು ತಡೆದು ಎಷ್ಟೋ ಜನರ ನಿದ್ದೆ ಕೆಡಿಸಿದೆ. 2020ರಲ್ಲಿ ಬಂದ 7.0 ಆವೃತ್ತಿಯಿಂದ ವಿಂಡೋಸ್ ವಿಸೆಂಟರ್ ಇಲ್ಲ, ಸಿದ್ಧ ಅಪ್ಲಯನ್ಸ್ ಮಾತ್ರ. 2023ರ ನವೆಂಬರಿನಲ್ಲಿ ವಿಎಂವೇರನ್ನು ಬ್ರಾಡ್‌ಕಾಮ್ ಕೊಂಡಿತು. ಲೈಸೆನ್ಸ್ ಪದ್ಧತಿ ಚಂದಾ ರೂಪಕ್ಕೆ ಬದಲಾದ ಮೇಲೆ ಕೆಲವರು ಹೈಪರ್-ವಿ, ಪ್ರಾಕ್ಸ್‌ಮಾಕ್ಸ್ ಕಡೆ ಹೋಗಿದ್ದಾರೆ. ಅಲ್ಲೂ ಕಥೆ ಬೇರೆಯಲ್ಲ. ಪ್ರಾಕ್ಸ್‌ಮಾಕ್ಸ್ ಕ್ಲಸ್ಟರಿನಲ್ಲಿ ಯಜಮಾನ ಎಂದು ಒಬ್ಬರಿಲ್ಲ, ಹೋಸ್ಟ್‌ಗಳೇ ಕೋರೋಸಿಂಕ್ ಮೂಲಕ ಒಂದಕ್ಕೊಂದು ಸಂಕೇತ ಕೊಟ್ಟುಕೊಳ್ಳುತ್ತವೆ. ಅದೂ ಯುಡಿಪಿಯೇ, 5405ನೇ ಪೋರ್ಟಿನಿಂದ ಶುರು. ಪೋರ್ಟಿನ ಸಂಖ್ಯೆ ಬೇರೆ, ಫೈರ್‌ವಾಲಿನವರು ಅಳಿಸುವುದು ಒಂದೇ!

ಒಂದು ವ್ಯತ್ಯಾಸ ಮಾತ್ರ ಗಮನಿಸಿ. ಅಲ್ಲಿ ಹೈ ಅವೈಲಬಿಲಿಟಿ ಹಾಕಿದ್ದು, ಬಹುಮತದ ಸಂಪರ್ಕ ಕಳೆದುಕೊಂಡರೆ ಆ ಹೋಸ್ಟ್ ತಾನಾಗಿಯೇ ರೀಬೂಟ್ ಆಗುತ್ತದೆ. ಅಂದರೆ ಅಲ್ಲಿ ಫೋನು ಕೆಟ್ಟರೆ ಒಲೆಯೂ ಆರಬಹುದು. ಹಾಗಾಗಿ ಕೋರೋಸಿಂಕಿಗೆ ಎರಡನೆಯ ದಾರಿ ಒಂದು ಇಟ್ಟುಕೊಳ್ಳುವುದು ಕ್ಷೇಮ.

ಮನೆಯವರಿಗೆ ಒಂದು ಮಾತು

ನಮ್ಮ ಮನೆಯಲ್ಲಿ ಆ ಸಂಕ್ರಾಂತಿಯ ನಂತರ ಒಂದು ಪದ್ಧತಿ ಬಂತು. ಫ್ರಿಜ್ ಮೇಲಿನ ಕ್ಯಾಲೆಂಡರಿನಲ್ಲಿ ನನ್ನ ಆನ್ ಕಾಲ್ ವಾರಗಳಿಗೆ ಕೆಂಪು ಗೆರೆ. ಆ ವಾರಗಳಲ್ಲಿ ಮಗಳ ಕಾರ್ಯಕ್ರಮ ಬಂದರೆ ನಾನು ಒಂದು ತಿಂಗಳು ಮುಂಚೆ ಸಹೋದ್ಯೋಗಿಯ ಜೊತೆ ಸರದಿ ಬದಲಾಯಿಸಿಕೊಳ್ಳುತ್ತೇನೆ, ಅವರ ಥ್ಯಾಂಕ್ಸ್‌ಗಿವಿಂಗ್ ನಾನು ನೋಡಿಕೊಳ್ಳುತ್ತೇನೆ. ಕೇಳಲು ಸಂಕೋಚ ಪಡುತ್ತಿದ್ದವನು ನಾನೇ, ಅವರು ಒಮ್ಮೆಯೂ ಇಲ್ಲ ಎಂದಿಲ್ಲ. ಫೋನ್ ಬಂದಾಗಲೂ ಐದು ನಿಮಿಷದ ಮೊದಲು ಕೋಟು ಮುಟ್ಟುವ ಹಾಗಿಲ್ಲ ಎಂಬುದು ನನ್ನವಳ ಕಾನೂನು. ಮೊದಲು ಕಾರಿಡಾರಿಗೆ ಹೋಗಿ ನೋಡಬೇಕು, ಆಮೇಲೆ ಮಾತು.

ಇದೇ ಬುದ್ಧಿ ಊರಿನ ವಿಷಯದಲ್ಲೂ ಕೆಲಸಕ್ಕೆ ಬರುತ್ತದೆ. ಮೈಸೂರಿನಲ್ಲಿ ಅಪ್ಪ ಒಂದು ಬೆಳಿಗ್ಗೆ ಫೋನ್ ಎತ್ತದಿದ್ದರೆ ಹಿಂದೆಲ್ಲ ನಾನು ಟಿಕೆಟ್ ದರ ನೋಡಲು ಶುರು ಮಾಡುತ್ತಿದ್ದೆ. ಈಗ ಪಕ್ಕದ ಮನೆಯವರಿಗೆ ಒಂದು ಫೋನ್. “ನಿಮ್ಮ ತಂದೆ ಇಲ್ಲೇ ಗೇಟಿನ ಹತ್ರ ಪೇಪರ್ ಓದ್ತಾ ಕೂತಿದ್ದಾರೆ, ಫೋನ್ ಚಾರ್ಜಿಗೆ ಹಾಕಿ ಮರೆತಿದ್ದಾರೆ” ಎಂಬ ಉತ್ತರ ಬರುತ್ತದೆ. ಎಲ್ಲ ಸಲವೂ ಹಾಗೇ ಇರುತ್ತದೆ ಎಂದು ನಾನು ಹೇಳಲಾರೆ. ದೂರದಲ್ಲಿರುವ ನಮಗೆಲ್ಲ ಆ ಭಯ ಇದ್ದದ್ದೇ. ಆದರೆ ಉತ್ತರ ಬರಲಿಲ್ಲ ಎಂಬುದಕ್ಕೂ ಆಪತ್ತಾಯಿತು ಎಂಬುದಕ್ಕೂ ನಡುವೆ ಒಂದು ಪ್ರಶ್ನೆ ಕೇಳುವಷ್ಟು ಜಾಗ ಇದೆ.

ಆ ಪುಟ್ಟ ಹುಡುಗಿ ಈಗ ಕಾಲೇಜು. ಕಳೆದ ಬೇಸಿಗೆಯಲ್ಲಿ ಅವಳ ಇಂಟರ್ನ್‌ಷಿಪ್ ನಡೆದದ್ದು ಸರ್ವರ್ ನೋಡಿಕೊಳ್ಳುವ ತಂಡದಲ್ಲೇ! ಒಂದು ರಾತ್ರಿ ಫೋನ್ ಮಾಡಿದಳು. “ಅಪ್ಪಾ, ಒಂದು ಹೋಸ್ಟ್ ಹೋಗಿ ಹೋಗಿ ಬರ್ತಾ ಇದೆ. ವಿಎಂ ಎಲ್ಲ ಓಡ್ತಾ ಇವೆ, ನೋಡ್ದೆ. ಅರವತ್ತು ಸೆಕೆಂಡೂ ಎಣಿಸ್ದೆ.” ನಾನು ಹೇಳಲು ಉಳಿದದ್ದು ಒಂದೇ ಸಂಖ್ಯೆ. ಅದನ್ನು ಹೇಳಿ, ಊಟ ಮಾಡಿದೆಯಾ ಎಂದು ಕೇಳಿ, ಫೋನ್ ಇಟ್ಟೆ.

ನಿಮ್ಮ ಮನೆಗಳಲ್ಲೂ ಇಂಥ ಹಬ್ಬದ ರಾತ್ರಿಯ ಕಥೆಗಳು ಇದ್ದೇ ಇರುತ್ತವೆ. ಬರೆದು ಪತ್ರಿಕೆಗೆ ಕಳಿಸಿ. ಮುಂದಿನ ಸಂಕ್ರಾಂತಿಗೆ ಹಾಲಿನಲ್ಲಿ ಸಿಗೋಣ. ಕಾರಿಡಾರಿನಲ್ಲಿ ಫೋನ್ ಹಿಡಿದು ನಿಂತವರು ಯಾರಾದರೂ ಕಂಡರೆ ಐದು ನಿಮಿಷ ಅವರಿಗೆ ಬಿಡುವು ಕೊಡಿ, ಆಮೇಲೆ ಕೈ ಹಿಡಿದು ಒಳಗೆ ಕರೆದುಕೊಂಡು ಬನ್ನಿ.